ಎಐಬಿಇಯಲ್ಲಿ 45 ಅಂದರೆ ಎಷ್ಟು? ವಕೀಲರ ಪರೀಕ್ಷೆಯ ಅಂಕ ಲೆಕ್ಕ

ಅಖಿಲ ಭಾರತ ವಕೀಲರ ಪರೀಕ್ಷೆ, ಅಂದರೆ ಕೋರ್ಟ್ ಆವರಣದಲ್ಲಿ ಎಲ್ಲರ ಬಾಯಲ್ಲಿರುವ ಎಐಬಿಇ, ಬರೆಯಲು ಹೊರಟವರಿಗೆ ಅಂಕದ ಬಗ್ಗೆ ಗೊತ್ತಿರುವುದು ಸಾಮಾನ್ಯವಾಗಿ ಒಂದೇ ಮಾತು: ನೂರಕ್ಕೆ 45 ಬಂದರೆ ಪಾಸ್. ಅದು ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಆ ನೂರು ಕೊನೆಯವರೆಗೂ ನೂರಾಗಿಯೇ ಉಳಿಯುತ್ತದೆ ಎಂಬ ಖಾತ್ರಿಯಿಲ್ಲ. 44 ಉತ್ತರ ಸರಿ ಬರೆದವರು ಪಾಸಾಗಿ, 45 ಸರಿ ಬರೆದವರು ಫೇಲಾಗುವುದೂ ಸಾಧ್ಯ, ಯಾರೂ ಮೋಸ ಮಾಡದೆ, ಯಂತ್ರವೂ ಕೆಡದೆ. ಬೆಳಗಿನಿಂದ ಸಿಟಿ ಸಿವಿಲ್ ಕೋರ್ಟು, ಮೇಯೋ ಹಾಲ್ ಎಂದು ಸೀನಿಯರ್ ಹಿಂದೆ ಓಡಾಡಿ, ರಾತ್ರಿ ಸಿಕ್ಕ ಎರಡು ತಾಸಿನಲ್ಲಿ ಓದುವ ಜೂನಿಯರ್‌ಗಳಿಗೆ ಈ ಲೆಕ್ಕ ಮೊದಲೇ ಗೊತ್ತಿರಬೇಕು. ಏನನ್ನು ಓದಬೇಕು, ಹಾಲ್‌ನಲ್ಲಿ ಸಮಯ ಹೇಗೆ ಹಂಚಬೇಕು, ಫಲಿತಾಂಶದ ದಿನ ಯಾವುದನ್ನು ಪ್ರಶ್ನಿಸಬೇಕು ಎಂಬುದೆಲ್ಲ ಇದರ ಮೇಲೆ ನಿಂತಿದೆ.

ಹಿನ್ನೆಲೆ ಚುಟುಕಾಗಿ. ಅಂಬೇಡ್ಕರ್ ವೀದಿಯ ಹಳೆಯ ಕೆಜಿಐಡಿ ಕಟ್ಟಡದಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು ಮಾಡುವುದು ನೋಂದಣಿ. ಪರೀಕ್ಷೆ ನಡೆಸುವುದು ಭಾರತೀಯ ವಕೀಲರ ಪರಿಷತ್ತು, ಅಂದರೆ ಬಿಸಿಐ. 2009-10ನೇ ಶೈಕ್ಷಣಿಕ ವರ್ಷದಿಂದ ಪದವಿ ಪಡೆದವರಿಗೆಲ್ಲ ಇದು ಕಡ್ಡಾಯ. ಮೊದಲ ಪರೀಕ್ಷೆ ನಡೆದದ್ದು 2011ರ ಮಾರ್ಚ್ 6ರಂದು. ನೋಂದಣಿಯಾದ ಎರಡು ವರ್ಷದೊಳಗೆ ಪಾಸಾಗಿ ಪ್ರಾಕ್ಟೀಸ್ ಸರ್ಟಿಫಿಕೇಟ್, ಎಲ್ಲರೂ ಸಿಒಪಿ ಎನ್ನುವ ಪ್ರಮಾಣಪತ್ರ, ಪಡೆಯಬೇಕು. ಈ ಪರೀಕ್ಷೆ ನಡೆಸುವ ಅಧಿಕಾರ ಬಿಸಿಐಗೆ ಇದೆಯೇ ಎಂಬ ತಕರಾರನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಬಾನಿ ಫೋಯ್ ಲಾ ಕಾಲೇಜ್ ಪ್ರಕರಣದಲ್ಲಿ 2023ರ ಫೆಬ್ರವರಿ 10ರಂದು ಬಗೆಹರಿಸಿತು: ಇದೆ.

ಸರಿ ಉತ್ತರಕ್ಕೆ ಒಂದು, ತಪ್ಪಿಗೆ ಸೊನ್ನೆ

ಪ್ರಶ್ನೆ 100, ಅವಧಿ ಮೂರೂವರೆ ಗಂಟೆ, ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ. ಸರಿ ಉತ್ತರಕ್ಕೆ ಒಂದು ಅಂಕ. ತಪ್ಪಿಗೆ ಕಳೆಯುವುದಿಲ್ಲ. ಕಷ್ಟದ ಪ್ರಶ್ನೆಗೆ ಹೆಚ್ಚು, ಸುಲಭದ್ದಕ್ಕೆ ಕಡಿಮೆ ಎಂಬ ತೂಕವಿಲ್ಲ. ವಿಷಯವಾರು ಕನಿಷ್ಠ ಅಂಕವೂ ಇಲ್ಲ. ತೆರಿಗೆ ಕಾನೂನಿನಲ್ಲಿ ಸೊನ್ನೆ ಬಂದರೂ ಒಟ್ಟು ಸಾಕಾದರೆ ಸಾಕು.

2023ರ ಡಿಸೆಂಬರ್ 10ರಂದು ನಡೆದ 18ನೇ ಪರೀಕ್ಷೆಗೂ ಮುಂಚೆ ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ ಶೇ 40, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 35 ಇತ್ತು. ಆ ಪರೀಕ್ಷೆಯಿಂದ ಅದು ಕ್ರಮವಾಗಿ 45 ಮತ್ತು 40 ಆಯಿತು; ಅಂಗವಿಕಲರಿಗೂ 40. ಹಳೆಯ ನೋಟ್ಸ್, ಹಳೆಯ ವಿಡಿಯೊ ನೋಡಿ "ನಲವತ್ತು ಬಂದರೆ ಆಯ್ತಲ್ಲ" ಎಂದುಕೊಂಡು ಕೂತವರು ಇಲ್ಲಿ ಎಡವುತ್ತಾರೆ.

ನಮ್ಮ ರಾಜ್ಯದವರಿಗೇ ವಿಶೇಷವಾದ ಗೊಂದಲ ಇನ್ನೊಂದಿದೆ. ಕೆಪಿಎಸ್‌ಸಿ ಅರ್ಜಿಗಳಲ್ಲಿ ಪ್ರವರ್ಗ-1ರವರಿಗೆ ಪರಿಶಿಷ್ಟರ ಜೊತೆಗೇ ಶುಲ್ಕ ವಿನಾಯಿತಿ ಸಿಗುವುದನ್ನು ಕಂಡವರು ಇಲ್ಲೂ ಹಾಗೇ ಎಂದುಕೊಳ್ಳುತ್ತಾರೆ. ಎಐಬಿಇಯಲ್ಲಿ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂಬ ವಿಂಗಡಣೆಯೇ ಇಲ್ಲ. ಎಲ್ಲರೂ ಹಿಂದುಳಿದ ವರ್ಗ, ಎಲ್ಲರಿಗೂ 45. ಅರ್ಜಿ ತುಂಬುವಾಗ ವರ್ಗ ತಪ್ಪು ನಮೂದಿಸಿದರೆ ಮುಂದೆ ಪ್ರಮಾಣಪತ್ರ ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

46 ಎಲ್ಲಿದೆ?

ಪಠ್ಯಕ್ರಮದಲ್ಲಿ 19 ವಿಷಯಗಳಿವೆ, ಪ್ರತಿಯೊಂದಕ್ಕೂ ಎಷ್ಟು ಪ್ರಶ್ನೆ ಎಂದು ಮೊದಲೇ ಗೊತ್ತುಪಡಿಸಲಾಗಿದೆ. ಈ ಹಂಚಿಕೆಯನ್ನು ಕಾಗದದ ಮೇಲೆ ಬರೆದುಕೊಂಡು ಕೂಡಿಸಿ ನೋಡದೆ ಓದಲು ಶುರು ಮಾಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಂವಿಧಾನ 10, ಅಪರಾಧ ಪ್ರಕ್ರಿಯೆ (ಹಳೆಯ ಸಿಆರ್‌ಪಿಸಿ, ಈಗಿನ ಬಿಎನ್‌ಎಸ್‌ಎಸ್) 10, ಸಿವಿಲ್ ಪ್ರಕ್ರಿಯೆ (ಸಿಪಿಸಿ) 10, ದಂಡಸಂಹಿತೆ (ಈಗಿನ ಬಿಎನ್‌ಎಸ್) 8, ಸಾಕ್ಷ್ಯ ಕಾನೂನು 8. ಈ ಐದರದ್ದೇ 46. ಇದರ ಮೇಲೆ ಕೌಟುಂಬಿಕ ಕಾನೂನು 8. ಕರಾರು, ನಿರ್ದಿಷ್ಟ ಪರಿಹಾರ, ಆಸ್ತಿ ವರ್ಗಾವಣೆ, ಚೆಕ್ ಬೌನ್ಸ್ ಕಾಯ್ದೆ ಸೇರಿದ ಗುಂಪಿಗೆ 8. ಅಲ್ಲಿಗೆ 62.

ಉಳಿದ 38 ಪ್ರಶ್ನೆಗಳು ಹನ್ನೆರಡು ವಿಷಯಗಳಲ್ಲಿ ಚದುರಿವೆ. ಮೋಟಾರು ವಾಹನ ಮತ್ತು ಗ್ರಾಹಕ ಕಾಯ್ದೆ ಒಳಗೊಂಡ ಟಾರ್ಟ್ (ಹಾನಿಗೆ ಪರಿಹಾರ ಕೊಡಿಸುವ ಸಿವಿಲ್ ಕಾನೂನು) 5. ಮಧ್ಯಸ್ಥಿಕೆ, ಸಾರ್ವಜನಿಕ ಹಿತಾಸಕ್ತಿ ಅರ್ಜಿ, ವೃತ್ತಿ ನೀತಿ, ಕಾರ್ಮಿಕ ಕಾನೂನು, ತೆರಿಗೆ ತಲಾ 4. ಆಡಳಿತ ಕಾನೂನು 3. ಕಂಪನಿ, ಪರಿಸರ, ಸೈಬರ್, ಭೂಸ್ವಾಧೀನ, ಬೌದ್ಧಿಕ ಆಸ್ತಿ ತಲಾ 2. ಕಂಪನಿ ಕಾಯ್ದೆಯ ದಪ್ಪ ಪುಸ್ತಕ ಹಿಡಿದು ವಾರ ಕಳೆದವರಿಗೆ ಅದರಿಂದ ಸಿಗಬಹುದಾದದ್ದು ಹೆಚ್ಚೆಂದರೆ 2 ಅಂಕ. ವೃತ್ತಿ ನೀತಿಯಾದರೆ ವಕೀಲರ ಕಾಯ್ದೆಯ 35ನೇ ಸೆಕ್ಷನ್ನಿನ ಸುತ್ತ ಮತ್ತು ಬಿಸಿಐ ನಿಯಮಗಳ ನಡತೆಯ ಅಧ್ಯಾಯದ ಸುತ್ತ ಸುತ್ತುತ್ತದೆ, ಎರಡು ಸಂಜೆಯಲ್ಲಿ ಮುಗಿಯುತ್ತದೆ, 4 ಅಂಕ. ಹಾಗೆಯೇ, ಕಾಲೇಜಿನಲ್ಲಿ ಬೆವರು ಸುರಿಸಿ ಓದಿದ ಕರ್ನಾಟಕ ಭೂ ಸುಧಾರಣಾ ಕಾಯ್ದೆ, ಬಾಡಿಗೆ ಕಾಯ್ದೆ, ಕೋರ್ಟ್ ಶುಲ್ಕದ ಕಾಯ್ದೆ ಯಾವುವೂ ಈ ಹಂಚಿಕೆಯಲ್ಲಿಲ್ಲ; ಇದು ದೇಶಕ್ಕೆಲ್ಲ ಒಂದೇ ಪತ್ರಿಕೆ.

ಹೆಚ್ಚು ಅಂಕ ಕೈತಪ್ಪುವುದು ಇದೇ 46ರೊಳಗೆ. 2024ರ ಜುಲೈ 1ರಿಂದ ಮೂರು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಯಾದವು. ಐದು ವರ್ಷದ ಕೋರ್ಸಿನಲ್ಲಿ ಹಳೆಯ ಸಂಖ್ಯೆಗಳನ್ನೇ ಬಾಯಿಪಾಠ ಮಾಡಿದವರಿಗೆ ನಿರೀಕ್ಷಣಾ ಜಾಮೀನು ಎಂದೊಡನೆ ಬೆರಳು 438ಕ್ಕೆ ಹೋಗುತ್ತದೆ. ಬಿಎನ್‌ಎಸ್‌ಎಸ್‌ನಲ್ಲಿ ಅದು 482. ಹಳೆಯ ಸಿಆರ್‌ಪಿಸಿಯಲ್ಲಿ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ; ಈಗ ಅದು 528. ಬಿಎನ್‌ಎಸ್‌ಎಸ್‌ನ 438 ತೆರೆದರೆ ಸಿಗುವುದು ಪುನರೀಕ್ಷಣೆಗಾಗಿ ಕೆಳಕೋರ್ಟಿನ ಕಡತ ತರಿಸುವ ಅಧಿಕಾರ. 438, 439, 482, 528 ಎಂದು ನಾಲ್ಕು ಆಯ್ಕೆ ಕೊಟ್ಟರೆ ನಾಲ್ಕೂ ಪರಿಚಿತ ಮುಖಗಳೇ. ಎಫ್‌ಐಆರ್ 154ರಿಂದ 173ಕ್ಕೆ, ಜೀವನಾಂಶ 125ರಿಂದ 144ಕ್ಕೆ, ವಿದ್ಯುನ್ಮಾನ ಸಾಕ್ಷ್ಯ 65ಬಿಯಿಂದ 63ಕ್ಕೆ, ಕೊಲೆಗೆ ಶಿಕ್ಷೆ 302ರಿಂದ 103ಕ್ಕೆ ಹೋಗಿವೆ. ಹಳೆಯದು ಒಂದು ಕಡೆ, ಹೊಸದು ಒಂದು ಕಡೆ ಬರೆದು ನಲವತ್ತು ಸಾಲಿನ ಒಂದು ಪಟ್ಟಿ ಮಾಡಿಕೊಂಡರೆ ಅದರಿಂದ ಬರುವಷ್ಟು ಅಂಕ ಬೇರೆ ಯಾವ ನೋಟ್ಸಿನಿಂದಲೂ ಬರುವುದಿಲ್ಲ.

ಖಾಲಿ ಬಿಟ್ಟರೆ ನಷ್ಟ ನಿಮ್ಮದೇ

ಕಳೆಯುವ ಅಂಕ ಇಲ್ಲದ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಹೇಳಲು ಸುಲಭ, ಆದರೂ "ಗೊತ್ತಿಲ್ಲದ್ದನ್ನು ಬರೆಯುವುದು ಹೇಗೆ" ಎಂಬ ಸಂಕೋಚದಿಂದ ಬಿಟ್ಟು ಬರುವವರಿದ್ದಾರೆ. ಲೆಕ್ಕ ನೋಡಿ. ನಾಲ್ಕರಲ್ಲಿ ಒಂದು ಸರಿ ಎಂದಾದರೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ ಕಾಲು ಅಂಕ. 35 ಪ್ರಶ್ನೆ ಖಚಿತವಾಗಿ ಗೊತ್ತಿದ್ದು ಉಳಿದ 65ಕ್ಕೆ ಬರೀ ಊಹೆ ಮಾಡಿದರೆ ಸರಾಸರಿ 16 ಸೇರಿ ಒಟ್ಟು 51. ಬೇಕಾಗಿದ್ದದ್ದು ಬರೀ 10. ಅಷ್ಟೂ ಬರದೇ ಹೋಗುವ ಸಾಧ್ಯತೆ ನೂರಕ್ಕೆ ಎರಡು ಮೂರು ಮಾತ್ರ. ಖಚಿತವಾಗಿ ಗೊತ್ತಿರುವುದು 28 ಎಂದಾದರೆ ಪಾಸಾಗುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡಕ್ಕೆ ಇಳಿಯುತ್ತದೆ. ಏನೂ ಓದದೆ ನೂರಕ್ಕೆ ನೂರೂ ಊಹಿಸಿದರೆ ಸರಾಸರಿ 25. ಅಲ್ಲಿಂದ 45 ಮುಟ್ಟುವುದನ್ನು ಅದೃಷ್ಟಕ್ಕೂ ಕೇಳಬೇಡಿ.

ಇದು ಬರೀ ಗಣಿತ. ನಿಜವಾದ ಪತ್ರಿಕೆಯಲ್ಲಿ ತಪ್ಪು ಆಯ್ಕೆಗಳನ್ನು ಸುಮ್ಮನೆ ಇಟ್ಟಿರುವುದಿಲ್ಲ. ಅರ್ಧ ಗೊತ್ತಿರುವವರನ್ನು ಎಳೆಯಲೆಂದೇ ಇಟ್ಟಿರುತ್ತಾರೆ, ಮೇಲಿನ 438ರ ಹಾಗೆ. ಆದ್ದರಿಂದ ಊಹೆಗೆ ಮುಂಚೆ ಹೊಡೆದುಹಾಕುವ ಕೆಲಸ ಮಾಡಬೇಕು. ಎರಡು ಆಯ್ಕೆ ಖಂಡಿತ ಅಲ್ಲ ಎಂದು ತೆಗೆದರೆ ಕಾಲು ಅಂಕ ಅರ್ಧ ಅಂಕವಾಗುತ್ತದೆ. ಇಪ್ಪತ್ತು ಪ್ರಶ್ನೆಗಳಲ್ಲಿ ಹೀಗೆ ಮಾಡಿದರೆ ಸರಾಸರಿ ಐದು ಅಂಕ ಹೆಚ್ಚುತ್ತದೆ, ಫೇಲ್ ಪಾಸಾಗುವುದಕ್ಕೆ ಅಷ್ಟು ಸಾಕು.

ಸಮಯದ ಲೆಕ್ಕವೂ ಇದರೊಂದಿಗೇ ಬರುತ್ತದೆ. 210 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಪ್ರಶ್ನೆಗೆ ಎರಡು ನಿಮಿಷ ಆರು ಸೆಕೆಂಡು. ಮೊದಮೊದಲು ಪುಸ್ತಕ ನೋಡಿ ಬರೆಯುವ ಪರೀಕ್ಷೆಯಾಗಿದ್ದ ಇದರಲ್ಲಿ 2021ರಿಂದ ಟಿಪ್ಪಣಿಯಿಲ್ಲದ ಬೇರ್ ಆಕ್ಟ್‌ಗಳನ್ನು, ಅಂದರೆ ಕಾಯ್ದೆಯ ಮೂಲ ಪಠ್ಯವಷ್ಟೇ ಇರುವ ಪುಸ್ತಕಗಳನ್ನು, ಮಾತ್ರ ಒಳಗೆ ಬಿಡುತ್ತಾರೆ. ವಿಷಯಸೂಚಿ ನೋಡಿ ಸೆಕ್ಷನ್ ಹುಡುಕಿ ಓದಿ ಮುಗಿಸಲು ಮೂರ್ನಾಲ್ಕು ನಿಮಿಷ ಬೇಕು. ಎಲ್ಲ ಪ್ರಶ್ನೆಗೂ ಹುಡುಕಲು ಕೂತರೆ ಅರವತ್ತರ ಆಸುಪಾಸಿನಲ್ಲೇ ಗಂಟೆ ಬಾರಿಸುತ್ತದೆ. ಮೊದಲ ಸುತ್ತಿನಲ್ಲಿ ಗೊತ್ತಿರುವುದನ್ನೆಲ್ಲ ತುಂಬಿ, ಎರಡನೇ ಸುತ್ತಿನಲ್ಲಿ ಬೇರ್ ಆಕ್ಟ್ ತೆರೆದು, ಕೊನೆಯ ಹದಿನೈದು ನಿಮಿಷ ಖಾಲಿ ವೃತ್ತಗಳಿಗೆ ಇಟ್ಟುಕೊಳ್ಳಿ. ಸೆಕ್ಷನ್ ಸಂಖ್ಯೆ ಕೇಳುವ ಪ್ರಶ್ನೆಗೆ ಬೇರ್ ಆಕ್ಟ್ ಉಪಯೋಗ. ತೀರ್ಪಿನ ಹೆಸರು ಕೇಳುವ ಪ್ರಶ್ನೆಗೆ ಅದನ್ನು ತೆರೆಯುವುದೇ ವ್ಯರ್ಥ.

ಯಂತ್ರ ಏನು ನೋಡುತ್ತದೆ

ವೃತ್ತ ತುಂಬಿ ಉತ್ತರ ಗುರುತಿಸುವ ಒಎಂಆರ್ ಹಾಳೆಯನ್ನು ಓದುವುದು ಸ್ಕ್ಯಾನರ್. ಅದಕ್ಕೆ ನಿಮ್ಮ ಉದ್ದೇಶ ಗೊತ್ತಾಗುವುದಿಲ್ಲ, ಕಪ್ಪು ಎಷ್ಟಿದೆ ಎಂದಷ್ಟೇ ಗೊತ್ತು. ಒಂದೇ ಸಾಲಿನಲ್ಲಿ ಎರಡು ವೃತ್ತ ತುಂಬಿದ್ದರೆ, ಅವುಗಳಲ್ಲಿ ಒಂದು ಸರಿಯಿದ್ದರೂ, ಅಂಕ ಇಲ್ಲ. ಟಿಕ್ ಹಾಕಿದ್ದು, ಚುಕ್ಕೆ ಇಟ್ಟದ್ದು, ಅರ್ಧ ತುಂಬಿದ್ದು ಖಾಲಿ ಎಂದೇ ಓದಿಹೋಗಬಹುದು. ಬಾಲ್ ಪೆನ್ನಿನಲ್ಲಿ ತುಂಬಿದ್ದನ್ನು ಬ್ಲೇಡಿನಿಂದ ಕೆರೆದರೆ ಹಾಳೆ ಹರಿಯುತ್ತದೆ, ಗುರುತು ಹೋಗುವುದಿಲ್ಲ.

ಇವೆಲ್ಲ ಒಂದೊಂದು ಅಂಕದ ಪೆಟ್ಟು. ಇಡೀ ಪರೀಕ್ಷೆಯನ್ನೇ ನುಂಗುವುದು ಎರಡು ತಪ್ಪುಗಳು. ಒಂದು, ಸಾಲು ಜಾರುವುದು. 37ನೇ ಪ್ರಶ್ನೆಯನ್ನು ಆಮೇಲೆ ನೋಡೋಣ ಎಂದು ಬಿಟ್ಟು, 38ರ ಉತ್ತರವನ್ನು 37ರ ಸಾಲಿನಲ್ಲಿ ತುಂಬಿದರೆ ಅಲ್ಲಿಂದಾಚೆಗಿನ ಎಲ್ಲ ಉತ್ತರವೂ ಒಂದೊಂದು ಸಾಲು ಮೇಲೆ ಹೋಗುತ್ತದೆ. ಎಲ್ಲವೂ ಗೊತ್ತಿದ್ದವರಿಗೂ ಆ ಭಾಗದಲ್ಲಿ ಸಿಗುವುದು ಊಹೆ ಮಾಡಿದವರಷ್ಟೇ ಅಂಕ. ಪ್ರತಿ ಹತ್ತು ಪ್ರಶ್ನೆಗೊಮ್ಮೆ ಪತ್ರಿಕೆಯ ಸಂಖ್ಯೆಯನ್ನೂ ಹಾಳೆಯ ಸಂಖ್ಯೆಯನ್ನೂ ಬೆರಳಿಟ್ಟು ತಾಳೆ ನೋಡಿ.

ಇನ್ನೊಂದು, ಸೆಟ್ ಕೋಡ್. ಪತ್ರಿಕೆ ಎ, ಬಿ, ಸಿ, ಡಿ ಎಂಬ ನಾಲ್ಕು ಸೆಟ್‌ಗಳಲ್ಲಿ ಬರುತ್ತದೆ. ಪ್ರಶ್ನೆಗಳು ಅವೇ, ಕ್ರಮ ಬೇರೆ. ಯಾವ ಕೀ ಉತ್ತರದ ಜೊತೆ ತಾಳೆ ನೋಡಬೇಕು ಎಂದು ಕಂಪ್ಯೂಟರಿಗೆ ತಿಳಿಯುವುದು ನೀವು ತುಂಬಿದ ಸೆಟ್ ಕೋಡ್ ವೃತ್ತದಿಂದ ಮಾತ್ರ. ಬಿ ಸೆಟ್ ಬರೆದು ಎ ತುಂಬಿದರೆ 80 ಸರಿ ಉತ್ತರವೂ 25ರ ಸುತ್ತ ಬಂದು ನಿಲ್ಲುತ್ತದೆ. ಪತ್ರಿಕೆ ಕೈಗೆ ಬಂದ ಕೂಡಲೇ, ಮೊದಲ ಪ್ರಶ್ನೆ ಓದುವ ಮುಂಚೆ, ರೋಲ್ ನಂಬರ್ ಮತ್ತು ಸೆಟ್ ಕೋಡ್ ತುಂಬಿ ಮುಗಿಸಿ. ಪತ್ರಿಕೆಯಲ್ಲಿ ಪುಟ ಕಡಿಮೆಯಿದ್ದು ಬದಲಿಸಿಕೊಂಡರೆ ಹೊಸ ಪತ್ರಿಕೆಯ ಸೆಟ್ ಅದೇನಾ ಎಂದು ಆಗಲೇ ಮೇಲ್ವಿಚಾರಕರ ಎದುರು ನೋಡಿಕೊಳ್ಳಿ.

ಕೀ ಉತ್ತರ ಬದಲಾದಾಗ

44 ಮತ್ತು 45ರ ವಿಚಾರ ಬರುವುದು ಇಲ್ಲಿ. ಪರೀಕ್ಷೆ ಮುಗಿದ ಮೇಲೆ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಅವನ್ನು ನೋಡಿ ಅಂತಿಮ ಕೀ ಬರುತ್ತದೆ. ಈ ನಡುವೆ ಎರಡು ರೀತಿಯ ಬದಲಾವಣೆ ಆಗಬಹುದು. ಉತ್ತರ ತಿದ್ದುವುದು ಒಂದು: ಬಿ ಸರಿ ಎಂದಿದ್ದದ್ದು ಸಿ ಆಗುತ್ತದೆ, ಬಿ ಬರೆದವರಿಗೆ ಒಂದು ಹೋಯಿತು, ಸಿ ಬರೆದವರಿಗೆ ಒಂದು ಬಂತು. ಪ್ರಶ್ನೆಯನ್ನೇ ಕೈಬಿಡುವುದು ಇನ್ನೊಂದು. 18ನೇ ಎಐಬಿಇಯಲ್ಲಿ 7 ಪ್ರಶ್ನೆ ಕೈಬಿಟ್ಟು 93ಕ್ಕೆ ಮೌಲ್ಯಮಾಪನ ಮಾಡಿದರು.

93ಕ್ಕೆ ಶೇ 45 ಎಂದರೆ 41.85. ಅಂಕ ಬಿಡಿಬಿಡಿಯಾಗಿ ಬರುವುದಿಲ್ಲ, ಆದ್ದರಿಂದ 42 ಬೇಕು. 41 ಎಂದರೆ ಶೇ 44.09, ಫೇಲ್, 42 ಎಂದರೆ ಶೇ 45.16, ಪಾಸ್. ಈಗ ಇಬ್ಬರು ಅಭ್ಯರ್ಥಿಗಳನ್ನು ಇಟ್ಟುಕೊಳ್ಳಿ. ಒಬ್ಬರು ನೂರರಲ್ಲಿ 44 ಸರಿ ಬರೆದಿದ್ದಾರೆ; ಕೈಬಿಟ್ಟ ಏಳರಲ್ಲಿ ಅವರದು ಎರಡು ಸರಿಯಿತ್ತು. ಉಳಿಯುವುದು 42, ಪಾಸ್. ಇನ್ನೊಬ್ಬರು 45 ಸರಿ ಬರೆದಿದ್ದಾರೆ. ಆ ಏಳರಲ್ಲಿ ನಾಲ್ಕು ಸರಿಯಿತ್ತು. ಉಳಿಯುವುದು 41, ಫೇಲ್. ಕೈಬಿಟ್ಟ ಪ್ರಶ್ನೆಗೆ ಎಲ್ಲರಿಗೂ ಪೂರ್ತಿ ಅಂಕ ಕೊಡುವ ಪದ್ಧತಿ ಬೇರೆ ಪರೀಕ್ಷೆಗಳಲ್ಲಿದೆ. ಹಾಗೆ ಮಾಡಿದ್ದರೆ ಮೊದಲನೆಯವರಿಗೆ 49, ಎರಡನೆಯವರಿಗೆ 48, ಇಬ್ಬರೂ ಪಾಸ್. ಎರಡೂ ವಿಧಾನಕ್ಕೆ ಸಮರ್ಥನೆ ಇದೆ. ಆದರೆ ಮನೆಯಲ್ಲಿ ಕೂತು ಅಂಕ ಲೆಕ್ಕ ಹಾಕುವವರು ಎರಡನ್ನೂ ಬೆರೆಸುತ್ತಾರೆ: 100ರ ಲೆಕ್ಕದಲ್ಲಿ ಬಂದ ಅಂಕವನ್ನೇ ಇಟ್ಟುಕೊಂಡು 42 ದಾಟಿದೆ ಎಂದು ಸಿಹಿ ಹಂಚುತ್ತಾರೆ. ಮೊದಲು ಕೈಬಿಟ್ಟ ಪ್ರಶ್ನೆಗಳನ್ನು ನಿಮ್ಮ ಸೆಟ್ಟಿನ ಸಂಖ್ಯೆಯ ಪ್ರಕಾರ ಹೊಡೆದುಹಾಕಿ, ಆಮೇಲೆ ಎಣಿಸಿ. ಶೇ 40ರ ಗಡಿಯವರಿಗೆ 93ಕ್ಕೆ 37.2 ಬರುತ್ತದೆ, ಇಂಥ ದಶಮಾಂಶವನ್ನು ಮೇಲಕ್ಕೆ ಹಿಡಿಯುತ್ತಾರೋ ಕೆಳಕ್ಕೋ ಎಂಬುದು ಫಲಿತಾಂಶದ ಪ್ರಕಟಣೆಯ ಮಾತಿನ ಮೇಲೆ ನಿಂತಿರುವುದರಿಂದ ಆ ಸಾಲನ್ನು ಎರಡು ಸಲ ಓದಿ.

ಆಕ್ಷೇಪಣೆ ಸಲ್ಲಿಸುವವರು "ಈ ಉತ್ತರ ತಪ್ಪು" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಸೆಟ್ ಕೋಡ್, ಆ ಸೆಟ್ಟಿನಲ್ಲಿ ಪ್ರಶ್ನೆಯ ಸಂಖ್ಯೆ, ಸರಿ ಎಂದು ನೀವು ಹೇಳುವ ಆಯ್ಕೆ, ಅದಕ್ಕೆ ಆಧಾರವಾದ ಸೆಕ್ಷನ್ ಅಥವಾ ತೀರ್ಪಿನ ಉಲ್ಲೇಖ, ಇಷ್ಟೂ ಒಂದೇ ಪುಟದಲ್ಲಿರಲಿ. ಕನ್ನಡದಲ್ಲಿ ಪರೀಕ್ಷೆ ಬರೆಯಲು ಅವಕಾಶವಿದೆ, ನಮ್ಮ ಜಿಲ್ಲೆಗಳ ಕಾಲೇಜುಗಳಿಂದ ಬಂದವರಿಗೆ ಅದು ದೊಡ್ಡ ಅನುಕೂಲ. ಅನುವಾದದಲ್ಲಿ ಒಂದು "ಅಲ್ಲ" ಬಿಟ್ಟುಹೋಗಿ ಪ್ರಶ್ನೆಯ ಅರ್ಥ ತಲೆಕೆಳಗಾಗಿದ್ದರೆ ಇಂಗ್ಲಿಷ್ ಮತ್ತು ಕನ್ನಡ ಎರಡೂ ಪಾಠವನ್ನು ಪಕ್ಕಪಕ್ಕ ಇಟ್ಟು ತೋರಿಸಿ. ಸುಮ್ಮನೆ ನುಂಗಿಕೊಳ್ಳಬೇಡಿ.

ಫಲಿತಾಂಶ ಬಂದ ಮೇಲೆ ಮರುಪರಿಶೀಲನೆಗೆ ಅವಕಾಶ ಕೊಟ್ಟರೆ, ಅದರಲ್ಲಿ ಆಗುವುದು ಹಾಳೆಯನ್ನು ಅಂತಿಮ ಕೀ ಜೊತೆ ಇನ್ನೊಮ್ಮೆ ತಾಳೆ ನೋಡುವ ಕೆಲಸ ಮಾತ್ರ. ವಿವರಣಾತ್ಮಕ ಉತ್ತರವಿಲ್ಲದ ಕಡೆ ಕೃಪಾಂಕ ಕೇಳುವ ಜಾಗ ಇರುವುದಿಲ್ಲ. ಐದಾರು ಅಂಕದಿಂದ ಹೋದವರು ಮರುಪರಿಶೀಲನೆಗೆ ಕಾಯುವ ಬದಲು ಮುಂದಿನ ಪರೀಕ್ಷೆಗೆ ಅರ್ಜಿ ಹಾಕುವುದು ವಾಸಿ. ಎಷ್ಟು ಸಲ ಬೇಕಾದರೂ ಬರೆಯಬಹುದು. ಪಾಸಾದವರಿಗೆ ಇದು ರ‍್ಯಾಂಕಿನ ಪರೀಕ್ಷೆಯೂ ಅಲ್ಲ. 46ಕ್ಕೂ 92ಕ್ಕೂ ಸಿಗುವುದು ಅದೇ ಸಿಒಪಿ, ಸಹಿ ಹಾಕುವುದು ಅದೇ ವಕಾಲತ್ತಿಗೆ.

ನ್ಯೂಯಾರ್ಕಿನ 266, ಲಂಡನ್ನಿನ 300

ಎಐಬಿಇಯ ಅಂಕ ಕಚ್ಚಾ ಅಂಕ. ಈ ಸಲದ ಪತ್ರಿಕೆ ಕಷ್ಟವಿತ್ತು ಎಂದು ಯಾರಿಗೂ ಸರಿಹೊಂದಿಸಿ ಕೊಡುವುದಿಲ್ಲ. ಆದ್ದರಿಂದ ಬೇರೆ ಬೇರೆ ವರ್ಷದ 50 ಮತ್ತು 55ನ್ನು ಹೋಲಿಸಿ ಯಾರು ಹೆಚ್ಚು ಬಲ್ಲವರು ಎನ್ನಲು ಬರುವುದಿಲ್ಲ. ಹೊರದೇಶದ ಕೆಲವು ಪರೀಕ್ಷೆಗಳು ಇಲ್ಲೇ ಬೇರೆಯಾಗುತ್ತವೆ. ಎಲ್‌ಎಲ್‌ಎಂ ಮುಗಿಸಿ ನ್ಯೂಯಾರ್ಕಿನ ವಕೀಲರ ಪರೀಕ್ಷೆ (ಬಾರ್) ಬರೆಯುವ ಬೆಂಗಳೂರಿಗರು, ಇಲ್ಲಿನ ಕಂಪನಿ ಕೆಲಸದ ಜೊತೆಗೇ ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು ಬರೆಯುವ ಎಸ್‌ಕ್ಯೂಇಗೆ ಓದುವವರು ಎಐಬಿಇಯ ಅಭ್ಯಾಸದಲ್ಲೇ ಆ ಅಂಕಗಳನ್ನು ಓದಿ ದಾರಿ ತಪ್ಪುತ್ತಾರೆ.

ಅಮೆರಿಕದ ಹಲವು ರಾಜ್ಯಗಳು ನಡೆಸುವ ಏಕರೂಪ ಬಾರ್ ಪರೀಕ್ಷೆ ಎರಡು ದಿನದ್ದು, ಒಟ್ಟು 400ರ ಮಾಪನ. ಅರ್ಧ ತೂಕ 200 ಬಹು ಆಯ್ಕೆ ಪ್ರಶ್ನೆಗಳಿಗೆ, ಶೇ 30 ಆರು ಪ್ರಬಂಧಗಳಿಗೆ, ಶೇ 20 ಎರಡು ಪ್ರಾಯೋಗಿಕ ಬರವಣಿಗೆಗೆ. ಬಹು ಆಯ್ಕೆಯ 200ರಲ್ಲಿ 25 ಪ್ರಶ್ನೆ ಮುಂದಿನ ಪರೀಕ್ಷೆಗಾಗಿ ಪರಖಿಸಿ ನೋಡುವಂಥವು. ಅವಕ್ಕೆ ಅಂಕವಿಲ್ಲ, ಯಾವುವು ಎಂದು ಬರೆಯುವವರಿಗೆ ತಿಳಿಸುವುದೂ ಇಲ್ಲ. ಉಳಿದ 175ರ ಕಚ್ಚಾ ಅಂಕವನ್ನು 200ರ ಮಾಪನಕ್ಕೆ ಬದಲಿಸುತ್ತಾರೆ. ಬದಲಿಸುವ ದಾರಿ ಹೀಗೆ: ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ ಕೆಲವು ಪ್ರಶ್ನೆಗಳನ್ನು ಹೊಸ ಪತ್ರಿಕೆಯಲ್ಲೂ ಸೇರಿಸಿರುತ್ತಾರೆ. ಆ ಸಮಾನ ಪ್ರಶ್ನೆಗಳಲ್ಲಿ ಈ ಸಲದವರು ಹಿಂದಿನವರಷ್ಟೇ ಮಾಡಿ, ಉಳಿದವುಗಳಲ್ಲಿ ಕಡಿಮೆ ಮಾಡಿದ್ದರೆ ಪತ್ರಿಕೆ ಕಷ್ಟವಿತ್ತು ಎಂದು ಅರ್ಥ, ಕಚ್ಚಾ ಅಂಕಕ್ಕೆ ಮೇಲ್ಮುಖ ತಿದ್ದುಪಡಿ. ಸಮಾನ ಪ್ರಶ್ನೆಗಳಲ್ಲೂ ಕಡಿಮೆ ಮಾಡಿದ್ದರೆ ಬರೆದವರ ತಯಾರಿಯೇ ಕಡಿಮೆ, ತಿದ್ದುಪಡಿ ಇಲ್ಲ. ಪ್ರಬಂಧಗಳ ಅಂಕವನ್ನೂ ಆಮೇಲೆ ಇದೇ ಮಾಪನದ ಮೇಲೆ ಕೂರಿಸುತ್ತಾರೆ. ನ್ಯೂಯಾರ್ಕಿನಲ್ಲಿ ಪಾಸಾಗಲು 266 ಬೇಕು. ಅದು ಶೇ 66.5ರಷ್ಟು ಸರಿ ಉತ್ತರ ಎಂದಲ್ಲ.

ಇಂಗ್ಲೆಂಡಿನ ಎಸ್‌ಕ್ಯೂಇ ಮೊದಲ ಹಂತದಲ್ಲಿ ಎರಡು ಪತ್ರಿಕೆ, ತಲಾ 180 ಪ್ರಶ್ನೆ, ಐದೈದು ಆಯ್ಕೆ. ಕಚ್ಚಾ ಅಂಕವನ್ನು 500ರ ಮಾಪನಕ್ಕೆ ತಂದು 300ನ್ನು ಗಡಿ ಮಾಡಿದ್ದಾರೆ. ಮಾಪನ ಬದಲಿಸುವಲ್ಲಿ ಸಣ್ಣ ಎಡವಟ್ಟು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ 2024ರ ಜನವರಿಯ ಆ ಪರೀಕ್ಷೆಯೇ ಸಾಕ್ಷಿ: ದಶಮಾಂಶವನ್ನು ಪೂರ್ಣಾಂಕ ಮಾಡುವ ಕ್ರಮದಲ್ಲಾದ ತಪ್ಪಿನಿಂದ, ಪಾಸಾಗಿದ್ದ 175 ಮಂದಿಗೆ ಫೇಲ್ ಎಂದು ತಿಳಿಸಲಾಗಿತ್ತು.

ಈ ಪರೀಕ್ಷೆಗಳಿಗೆ ಮಾದರಿ ಪತ್ರಿಕೆ ಬಿಡಿಸುವವರು ಪ್ರತಿ ಪತ್ರಿಕೆಯಲ್ಲೂ ಶೇಕಡಾವಾರು ಎಷ್ಟು ಸರಿ ಬಂತು ಎಂದು ಬರೆದಿಟ್ಟುಕೊಂಡು ಅದರ ಏರಿಕೆಯನ್ನು ಗಮನಿಸಲಿ, 266ರ ಜೊತೆಗಾಗಲಿ 300ರ ಜೊತೆಗಾಗಲಿ ನೇರ ಹೋಲಿಸುವುದು ಬೇಡ. ಅಮೆರಿಕದ ಕೆಲವು ರಾಜ್ಯಗಳು 2026ರ ಜುಲೈಯಿಂದ ನೆಕ್ಸ್ಟ್‌ಜೆನ್ ಎಂಬ ಹೊಸ ಪರೀಕ್ಷೆಗೆ ಹೋಗುತ್ತವೆ, ಅದರ ಮಾಪನವೇ 500ರಿಂದ 750. ಅರ್ಜಿ ಹಾಕುವ ಮುಂಚೆ ನೀವು ಬರೆಯುವ ರಾಜ್ಯದಲ್ಲಿ, ನೀವು ಬರೆಯುವ ತಿಂಗಳಲ್ಲಿ, ಹಳೆಯದು ನಡೆಯುತ್ತದೋ ಹೊಸದೋ ಎಂದು ಆ ರಾಜ್ಯದ ಪರೀಕ್ಷಾ ಮಂಡಳಿಯ ಪ್ರಕಟಣೆಯಲ್ಲಿ ನೋಡಿಕೊಂಡು ಪುಸ್ತಕ ಕೊಳ್ಳಿ.